ಫೆಕ್ತೊಗಳಲ್ಲಿ ದೊಡ್ಡವರು ಯಾರು

ಸೇಂತ್ ಎಮೆರಾನ್ಸ್‌ನಲ್ಲಿ ಯಾರಾದರೂ ಬಾಗಿಲು ತಟ್ಟಿ "ಫೆಕ್ತೊ ಅವರ ಮನೆ ಇದೇನಾ?" ಎಂದು ಕೇಳಿದರೆ, ಅವನು ಹೊರಗಿನವನು ಎಂದು ಒಳಗಿದ್ದವರಿಗೆ ತಕ್ಷಣ ತಿಳಿದುಹೋಗುತ್ತಿತ್ತು. ಆರುನೂರು ಜನರ ಊರಿನಲ್ಲಿ ನಾನೂರು ಮಂದಿ ಫೆಕ್ತೊಗಳೇ. ಇಗರ್ಜಿಯ ಹಿಂದಿನ ಸಮಾಧಿಗಳಲ್ಲಂತೂ ಬೇರೆ ಹೆಸರು ಹುಡುಕಲು ಕನ್ನಡಕ ಬೇಕಿತ್ತು. ಹಾಗಾಗಿ ಮನೆತನದ ಹೆಸರು ತೆರಿಗೆಯವರಿಗೆ, ಡಾಕ್ಟರಿಗೆ ಮಾತ್ರ. ಊರೊಳಗೆ ದಮಾಸನ ಫಿಲಿಯಾಸ್, ಫಿಲಿಯಾಸನ ಕ್ಲೋವಿಸ್ ಎಂದು ಅಪ್ಪನ ಹೆಸರಿನ ಹಿಂದೆ ಮಗನದನ್ನು ಪೋಣಿಸಿ ಕರೆದರೇ ಆಳು ಗೊತ್ತಾಗುತ್ತಿದ್ದದ್ದು.

ಬಿಬಿಯಾನ್ ಹುಟ್ಟಿದ್ದೂ ಫೆಕ್ತೊ, ಮದುವೆಯಾಗಿ ಸೇರಿದ್ದೂ ಫೆಕ್ತೊ. ಬದಲಾದದ್ದು ಇಷ್ಟೇ: ಹಿಟ್ಟಿನ ಗಿರಣಿಯ ಕಡೆಯ ಫೆಕ್ತೊ ಆಗಿದ್ದವಳು ಗುಡ್ಡದ ಕಡೆಯ ಫೆಕ್ತೊ ಆದಳು. ಗಂಡ ಈ ಫಿಲಿಯಾಸನ ಕ್ಲೋವಿಸ್. ಮೂವತ್ತೆಂಟು ಚಳಿಗಾಲ ಊರಿನ ಹಿಮಾಂಗಣಕ್ಕೆ, ಅಂದರೆ ಜಾರುತ್ತ ಹಾಕಿ ಆಡುವ ಅಂಗಳಕ್ಕೆ, ಮಂಜುಗಡ್ಡೆ ಹಾಸಿದವನು. ಮೊದಲು ಇಗರ್ಜಿಯ ಪಕ್ಕದ ಬಯಲಲ್ಲಿ, ಆಮೇಲೆ ತಗಡಿನ ಸೂರಿನ ಕೆಳಗೆ. ಅವನು ಹಾಸಿದ ಮಂಜುಗಡ್ಡೆಯ ಮೇಲೆ ಕಬ್ಬಿಣದ ಅಲಗಿನ ಬೂಟು ಕಟ್ಟಿ ಜಾರಿದರೆ ಸದ್ದೇ ಬೇರೆ ಎಂದು ಪಕ್ಕದೂರಿನ ಹಾಕಿ ತಂಡದವರೂ ಒಪ್ಪುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಪಂಚಾಯಿತಿಯವರು ಮಂಜುಗಡ್ಡೆ ಹೆರೆದು ನುಣುಪು ಮಾಡುವ ಒಂದು ಹಳೆಯ ಯಂತ್ರ ಕೊಂಡು, ಅದನ್ನು ಓಡಿಸಲು ಪಟ್ಟಣದ ಒಬ್ಬನನ್ನು ಗೊತ್ತು ಮಾಡಿದರು. ಕ್ಲೋವಿಸ್‌ನನ್ನು ಕರೆದು ಒಂದು ದೊಡ್ಡ ಕೇಕ್ ಕತ್ತರಿಸಿ, ತೂಗುಕುರ್ಚಿ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರು. ಆ ದಿನದಿಂದ ಅವನು ಆ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ. ಅಂಚೆಕಚೇರಿಗೆ ಹೋಗುವಾಗಲೂ ಅದರ ಮುಂದೆ ಹಾಯದೆ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದ. ತಮ್ಮನ ಮೊಮ್ಮಗಳು ಬಿಳಿ ಲಂಗ ತೊಟ್ಟು ಅಲ್ಲಿ ಕುಣಿದಾಗಲೂ ಹೋಗಲಿಲ್ಲ. ಮಗುವಿಗೆ ಹತ್ತು ಡಾಲರ್ ಕಳಿಸಿ ಸುಮ್ಮನಾದ. ಇಡೀ ದಿನ ಆ ತೂಗುಕುರ್ಚಿಯಲ್ಲಿ ಕೂತು ಕಿಟಕಿ ನೋಡುವುದು, ಬೇಯಿಸಿದ ಬೀನ್ಸ್ ಕಾಳು ಮುಂದಿಟ್ಟರೆ ಎರಡು ಚಮಚ ತಿಂದು ತಟ್ಟೆ ತಳ್ಳುವುದು. ಎಪ್ಪತ್ತೊಂದಕ್ಕೇ ಹೀಗಾದರೆ ಹೇಗೆ ಎಂಬುದೇ ಬಿಬಿಯಾನ್‌ಳ ಚಿಂತೆ. ಅವಳಿಗೆ ಬೇಕಾದದ್ದು ಒಂದೇ. ಅವನು ಮತ್ತೆ ಹಿಮಾಂಗಣದ ಬಾಗಿಲನ್ನು ತಾನಾಗಿಯೇ ದಾಟಬೇಕು.

ಆ ಶರತ್ಕಾಲದಲ್ಲಿ ಹಿಮಾಂಗಣದ ಸೂರು ರಿಪೇರಿಯಾಯಿತು. ಹೊಸ ಬೋರ್ಡು ಬರೆಸುವಾಗ ಊರಿಗೆ ಹೆಸರು ತಂದವರೊಬ್ಬರ ಹೆಸರನ್ನೇ ಇಡೋಣ ಎಂದು ಮೇಯರ್ ಸೊಲಾಂಜ್ ಸಾರಿದಳು. ಅದು ಕ್ಲೋವಿಸ್‌ನ ಹೆಸರೇ ಆಗಬೇಕು ಎಂದುಕೊಂಡಳು ಬಿಬಿಯಾನ್. ಕೋಟು ತೊಟ್ಟು ನೆಟ್ಟಗೆ ಸೊಲಾಂಜ್‌ಳ ಮನೆಗೇ ನಡೆದಳು.

ಸೊಲಾಂಜ್ ಸೇಬಿನ ಸಿಪ್ಪೆ ಹೆರೆಯುತ್ತ ಎಲ್ಲವನ್ನೂ ಕೇಳಿದಳು. "ಬಿಬಿಯಾನ್, ನಿಮ್ಮನೆಯವರು ಬಂಗಾರದಂಥವರು. ನಾನು ಬಿದ್ದು ಹಲ್ಲು ಮುರ್ಕೊಂಡಿದ್ದು ಅವರು ಹಾಸಿದ ಮಂಜುಗಡ್ಡೆ ಮೇಲೇನೇ. ಆದ್ರೆ ಹೆಸರು ಇಡೋದು ಅಂದ್ರೆ ಪೇಪರಲ್ಲಿ ಗೀಪರಲ್ಲಿ ಬಂದಿರ್ಬೇಕಲ್ವಾ?"

"ಬಂದಿತ್ತು. ನಮ್ಮ ಹಸು ಕಳೆದಾಗ ಜಾಹೀರಾತು ಕೊಟ್ಟಿದ್ರು."

ಸೊಲಾಂಜ್ ನಕ್ಕಳು. ಬಿಬಿಯಾನ್ ನಗಲಿಲ್ಲ. ಮಾರನೆಯ ದಿನದಿಂದ ಒಂದು ಹಾಳೆ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸತೊಡಗಿದಳು. ನಲವತ್ತೊಂದು ಸಹಿ ಆಗುವಷ್ಟರಲ್ಲಿ ಸುದ್ದಿ ಕ್ಲೋವಿಸ್‌ನ ಕಿವಿಗೆ ಬಿತ್ತು. ಅವನು ಕುರ್ಚಿಯಿಂದೆದ್ದು, ಪಾದ್ರಿಯ ಪೂಜಾಪೀಠದ ಮೇಲೆ ಏನೇನಿರುತ್ತದೋ ಅದನ್ನೆಲ್ಲ ಒಂದೊಂದಾಗಿ ಹೆಸರಿಸಿ ಬೈದ. ಆ ಊರಿನ ಗಂಡಸರು ಬೈಯುವುದೇ ಹಾಗೆ.

"ಯಾರೇ ಹೇಳಿದ್ದು ನಿಂಗೆ? ನಾನಿನ್ನೂ ಸತ್ತಿಲ್ಲ. ಗೋಡೆ ಮೇಲೆ ಹೆಸರು ಕೆತ್ತೋದು ಸತ್ತವರಿಗೆ. ಭಿಕ್ಷೆ ಬೇಡಿ ತಂದ ಹೆಸರು ನಂಗೆ ಬೇಡ!"

"ಭಿಕ್ಷೆ ಯಾಕಾಗತ್ತೆ? ಎಲ್ರೂ ಖುಷಿಯಿಂದ ಹಾಕಿದಾರೆ."

"ಗಂಟೆ ಬಾರಿಸೋ ದೋನಾನೂ ಹಾಕಿದ್ನಾ?"

"ಅವನು... ಪೆನ್ನು ಸಿಗ್ಲಿಲ್ಲ ಅಂದ."

"ಹಾಗಾದ್ರೆ ಹರಿದು ಒಲೆಗೆ ಹಾಕು."

ಅವಳು ಹರಿಯಲಿಲ್ಲ, ಹಿಟ್ಟಿನ ಡಬ್ಬದ ಕೆಳಗಿಟ್ಟಳು. ಆದರೆ ಆ ದಾರಿ ಮುಚ್ಚಿತು ಎಂಬುದು ಅವಳಿಗೆ ಗೊತ್ತಾಯಿತು. ಗಂಡ ಬೇಡವೆಂದದ್ದನ್ನು ಬಲವಂತವಾಗಿ ಗೋಡೆಗೆ ಹೊಡೆಸಿದರೆ ಅವನು ಊರನ್ನೇ ಬಳಸಿ ನಡೆದಾನು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ನೆಲಮಾಳಿಗೆಯಲ್ಲಿ ಹೆಸರು ಆರಿಸುವ ಸಭೆ. ಬಿಬಿಯಾನ್ ಸಕ್ಕರೆ ಕಡುಬು ತೆಗೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಕ್ಲೋವಿಸ್ ಪೂಜೆ ಮುಗಿದದ್ದೇ ತಡ, ಮನೆಗೆ ಹೊರಟುಹೋಗಿದ್ದ.

ಮೊದಲು ಎದ್ದವನು ದೋನಾ, ಇಗರ್ಜಿಯ ಗಂಟೆ ಬಾರಿಸುವವನು. ಅವನ ಸೋದರಮಾವ ತೆಯೊಫಿಲ್ ಫೆಕ್ತೊ ಆಫ್ರಿಕದ ಬೆಟ್ಟಸೀಮೆಯಲ್ಲಿ ಮೂವತ್ತು ವರ್ಷ ಬಿಷಪ್ ಆಗಿದ್ದವರು. "ಕುದುರೆ ಮೇಲೆ ಕೂತು ಮೂರು ದಿನ ಹೋಗಿ ಒಂದು ಮಗೂಗೆ ದೀಕ್ಷಾಸ್ನಾನ ಕೊಟ್ರು, ಗೊತ್ತಾ?" ಎಂದ.

"ಗೊತ್ತು ಗೊತ್ತು, ಪ್ರತಿ ಕ್ರಿಸ್‌ಮಸ್‌ಗೂ ನೀನೇ ಹೇಳ್ತೀಯ," ಎಂದಳು ಯುಗೆತ್. ಅವಳ ತಮ್ಮ ಜೆರಾರ್ ಗಡಿಯಾಚೆಯ ದೊಡ್ಡ ತಂಡಕ್ಕೆ ಎರಡೂವರೆ ಹಂಗಾಮು ಗೋಲು ಕಾದವನು. "ಹಾಕಿ ಆಡೋ ಜಾಗಕ್ಕೆ ಬಿಷಪ್ ಹೆಸರು ಯಾಕಪ್ಪಾ? ಅವರು ಒಂದು ಗೋಲಾದ್ರೂ ತಡೆದಿದ್ರಾ?"

"ನಿನ್ನ ತಮ್ಮ ತಡೆದ್ನಾ? ಒಂದೇ ಆಟದಲ್ಲಿ ಒಂಬತ್ತು ಬಿಟ್ಟ, ಟೀವೀಲಿ ಊರೆಲ್ಲಾ ನೋಡಿದೀವಿ."

"ಅವತ್ತು ಜ್ವರ ಇತ್ತು ಅವನಿಗೆ!"

"ಎರಡೂವರೆ ಹಂಗಾಮೂ ಜ್ವರಾನೇ?"

ನಗು, ಗದ್ದಲ. ಆ ನಡುವೆ ಹಿಂದಿನಿಂದ ಯಾರೋ ಓರ್ಮಿದಾಸ್ ಫೆಕ್ತೊನ ಹೆಸರೆತ್ತಿದರು. ನೂರು ವರ್ಷದ ಹಿಂದಿನ ಆಳು. ಹೊಳೆಯ ಮಂಜು ಬಿರಿದು ನೀರಿಗೆ ಬಿದ್ದ ಕುದುರೆಯನ್ನು ಹೆಗಲು ಕೊಟ್ಟು ಎತ್ತಿದವನಂತೆ. ಅವನಿಗೆ ಮಕ್ಕಳಿರಲಿಲ್ಲ, ಹೀಗಾಗಿ ಅವನ ಪರವಾಗಿ ಕೂಗಲು ಯಾರೂ ಇರಲಿಲ್ಲ. ಆ ಹೆಸರು ಗದ್ದಲದಲ್ಲಿ ಮುಳುಗಿಹೋಯಿತು.

ಸೊಲಾಂಜ್ ಮೇಜು ಗುದ್ದಿದಳು. "ಕೇಳಿ ಇಲ್ಲಿ! ಜಗಳಾನೇ ಬೇಡ. ಬರೀ 'ಫೆಕ್ತೊ ಹಿಮಾಂಗಣ' ಅಂತ ಬರೆಸೋಣ. ಬಿಷಪ್ಪೂ ಫೆಕ್ತೊ, ಜೆರಾರೂ ಫೆಕ್ತೊ. ಯಾರಿಗೆ ಯಾರು ಬೇಕೋ ಅವರನ್ನ ನೆನೆಸ್ಕೊಳ್ಳಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ದೋನಾ ಯುಗೆತ್‌ಳ ಕೈಯನ್ನೂ ಕುಲುಕಿದ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಮುದುಕ ನಿಧಾನವಾಗಿ, "ಹೊಳೆಯಾಚೆ ಊರಲ್ಲೂ ಫೆಕ್ತೊಗಳಿದಾರಲ್ಲ. ತಮ್ಮ ಹೆಸರೇ ಇಟ್ಕೊಂಡಿದಾರೆ ಅಂತ ಅವರು ಹೇಳ್ಕೊಂಡು ತಿರುಗ್ತಾರೆ," ಎಂದ.

ಚಪ್ಪಾಳೆ ನಿಂತಿತು. ಹೊಳೆಯಾಚೆಯವರು ಹಿಂದಿನ ಮಾರ್ಚ್‌ನಲ್ಲಿ ಹಾಕಿ ಕಪ್ ಗೆದ್ದು, ಹೋಗುವಾಗ ದಾರಿಯುದ್ದಕ್ಕೂ ಹಾರ್ನ್ ಬಾರಿಸಿಕೊಂಡು ಹೋಗಿದ್ದರು. ಅವರಿಗೆ ಒಂದು ಅಕ್ಷರವನ್ನೂ ಕೊಡಲು ಯಾರೂ ತಯಾರಿರಲಿಲ್ಲ. ಮತ್ತೆ ಬಿಷಪ್, ಮತ್ತೆ ಒಂಬತ್ತು ಗೋಲು.

ಬಿಬಿಯಾನ್ ಸಭೆಗಳಲ್ಲಿ ಮಾತಾಡುವ ಹೆಂಗಸಲ್ಲ. ಕಡುಬು ಹಂಚಿ, ಲೋಟ ತೊಳೆದು, ಕೊನೆಗೆ ದೀಪ ಆರಿಸಿ ಹೋಗುವವಳು. ಆದರೂ ಈ ಕೂಗಾಟ ಕೇಳುತ್ತ ಅವಳಿಗೆ ಏಪ್ರಿಲ್ ತಿಂಗಳುಗಳು ಕಣ್ಣಿಗೆ ಕಟ್ಟಿದವು. ಹಂಗಾಮು ಮುಗಿದು ಮಂಜುಗಡ್ಡೆ ಕರಗಿದಾಗ ಕ್ಲೋವಿಸ್ ಮೋಟುಪೊರಕೆ ಹಿಡಿದು ಆ ನೀರನ್ನು ಚರಂಡಿಗೆ ತಳ್ಳುತ್ತಿದ್ದ. "ಈ ವರ್ಷದ್ದು ಮುಗೀತು ಕಣೇ, ಇನ್ನು ಹೊಸದು," ಎನ್ನುತ್ತಿದ್ದ. ಆ ಮಾತಿನಲ್ಲಿ ಬೇಸರ ಇರುತ್ತಿರಲಿಲ್ಲ. ಬಿಬಿಯಾನ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಎದ್ದು ನಿಂತಳು.

"ಗೋಡೆ ಮೇಲೆ ಯಾಕೆ ಬರೀಬೇಕು?" ಎಂದಳು. ಧ್ವನಿ ಸಣ್ಣದು, ಮುಂದಿನವರು ಹಿಂದೆ ತಿರುಗಬೇಕಾಯಿತು. "ಗೋಡೆ ಮೇಲೆ ಬರೆದ್ರೆ ಒಬ್ಬರದೇ. ಮಂಜುಗಡ್ಡೆ ಒಳಗೆ ಬರೀಬಹುದಲ್ಲ. ನಟ್ಟನಡುವೆ, ದೊಡ್ಡ ಅಕ್ಷರದಲ್ಲಿ. ಏಪ್ರಿಲ್‌ಗೆ ಹೇಗೂ ಕರಗತ್ತೆ. ಮುಂದಿನ ವರ್ಷ ಇನ್ನೊಬ್ಬರದು ಬರೆಯೋದು. ಬಿಷಪ್ಪರದೂ ಆಗತ್ತೆ, ಜೆರಾರ್‌ದೂ ಆಗತ್ತೆ. ಯಾರೂ ಮುನಿಸ್ಕೋಬೇಕಾಗಿಲ್ಲ."

ಯುಗೆತ್ ಹೇಳಿದಳು, "ಬಿಷಪ್ಪರ ಹೆಸರಿನ ಮೇಲೆ ಹುಡುಗರು ಜಾರ್ತಾರೆ ಅಂದ್ರೆ ನನ್ನದೇನೂ ತಕರಾರಿಲ್ಲ."

"ಮಾವನೂ ಏನೂ ಅನ್ಕೊಳ್ತಿರ್ಲಿಲ್ಲ. ಚಿಕ್ಕಂದಿನಲ್ಲಿ ಜಾರ್ತಾನೇ ಇದ್ರು," ಎಂದ ದೋನಾ, ನಗು ತಡೆದುಕೊಂಡು.

ಮೊದಲ ವರ್ಷ ಯಾರದೆಂದು, ಸಭೆಯಲ್ಲಿ ಬಂದ ಹೆಸರುಗಳನ್ನೆಲ್ಲ ಬರೆದು ಪಾದ್ರಿಯ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದರು. ಬಂದದ್ದು ಓರ್ಮಿದಾಸ್. ಕೂಗಲು ಯಾರೂ ಇಲ್ಲದವನ ಹೆಸರೇ ಮೊದಲು ಬಂದದ್ದರಿಂದ ಎರಡು ಕಡೆಯವರಿಗೂ ಸಮಾಧಾನವಾಯಿತು. ಆಗ ಸೊಲಾಂಜ್, "ಸರಿ, ಬರೆಯೋರು ಯಾರು?" ಎಂದಳು. ಯಂತ್ರ ಓಡಿಸುವ ಪಟ್ಟಣದವನು ತಲೆಯಲ್ಲಾಡಿಸಿದ. ಆಟದ ಕೆಂಪು ಗೆರೆ, ನೀಲಿ ಗೆರೆ ಎಳೆಯುವುದಷ್ಟೇ ಅವನಿಗೆ ಬರುತ್ತಿದ್ದದ್ದು. ಅಕ್ಷರ ಬರೆದು ನೀರು ಬಿಟ್ಟರೆ ಬಣ್ಣವೆಲ್ಲ ಹರಿದುಹೋಗುತ್ತದೆ ಎಂದ.

ಒಬ್ಬೊಬ್ಬರಾಗಿ ಎಲ್ಲರೂ ಬಿಬಿಯಾನ್ ಕಡೆ ತಿರುಗಿದರು.

"ನನ್ನನ್ನ ಯಾಕೆ ನೋಡ್ತೀರಿ? ಮನೇಲಿದಾರೆ. ಹೋಗಿ ಕೇಳಿ," ಎಂದಳು ಅವಳು, ತಟ್ಟೆ ಜೋಡಿಸುತ್ತ. "ಕೇಳೋದು ಅಂದ್ರೆ ಬಾಯಿಬಿಟ್ಟು ಕೇಳೋದು. ಆವತ್ತು ಕೇಕ್ ತಂದಿರಿ, ಕೇಳೋದನ್ನ ಮರೆತಿರಿ."

ಸೊಲಾಂಜ್‌ಳ ಮುಖ ಕೆಂಪಾಯಿತು. ಆದರೆ ಅವಳು ಒಳ್ಳೆಯ ಹೆಂಗಸು. ಕೋಟು ತೊಟ್ಟು ಹೊರಟೇಬಿಟ್ಟಳು. ಅವಳ ಹಿಂದೆ ದೋನಾ, ಯುಗೆತ್. ಬಿಬಿಯಾನ್ ಲೋಟ ತೊಳೆಯದೆಯೇ ಹಿಂಬಾಲಿಸಿದಳು.

ಕ್ಲೋವಿಸ್ ಕುರ್ಚಿಯಿಂದ ಏಳಲಿಲ್ಲ. "ಏನು, ಮೆರವಣಿಗೆ? ಇನ್ನೊಂದು ಕೇಕಾ?"

"ಇಲ್ಲ," ಎಂದಳು ಸೊಲಾಂಜ್. "ತಪ್ಪಾಯ್ತು ಅಂತ ಹೇಳೋಕೆ ಬಂದೆ. ಯಂತ್ರ ತರೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ಈಗ ಕೇಳ್ತಿದೀನಿ." ಆಮೇಲೆ ವಿಷಯ ಹೇಳಿದಳು.

ಅವನು ಕಿಟಕಿ ನೋಡುತ್ತಲೇ ಇದ್ದ. "ನನ್ನ ಕೈಲಾಗಲ್ಲ. ಮಂಡಿ ನೋವು. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಬಿಬಿಯಾನ್ ಬಾಗಿಲ ಹತ್ತಿರವೇ ನಿಂತಿದ್ದಳು. ತಾನು ಮಾತಾಡಿದರೆ ಕೆಲಸ ಕೆಟ್ಟಿತು ಎಂದು ಅವಳಿಗೆ ಗೊತ್ತಿತ್ತು.

ದೋನಾ ನಿಟ್ಟುಸಿರು ಬಿಟ್ಟ. "ಹೋಗ್ಲಿ ಬಿಡಿ ಸೊಲಾಂಜ್. ನಾನೇ ಬರೀತೀನಿ. ನಮ್ಮನೇಲಿ ಕೊಟ್ಟಿಗೆಗೆ ಹೊಡೆದ ಬಣ್ಣ ಉಳಿದಿದೆ. ಬರೆದು, ಮೇಲೆ ಒಂದು ನಾಲ್ಕು ಬಕೆಟ್ ಬಿಸಿನೀರು ಸುರಿದ್ರಾಯ್ತು."

ತೂಗುಕುರ್ಚಿ ನಿಂತಿತು.

"ಬಿಸಿನೀರಾ?"

"ಹೂಂ. ಬೇಗ ಹೆಪ್ಪುಗಟ್ಟತ್ತಂತಲ್ಲ."

"ಕೊಟ್ಟಿಗೆ ಬಣ್ಣದ ಮೇಲೆ ಬಿಸಿನೀರು! ಏನಯ್ಯಾ, ತಲೆ ನೆಟ್ಟಗಿದೆಯಾ ನಿಂಗೆ? ಓರ್ಮಿದಾಸನ ತಲೆ ಒಂದು ಕಡೆ, ಕುದುರೆ ಬಾಲ ಇನ್ನೊಂದು ಕಡೆ ಹರಿದುಹೋಗತ್ತೆ." ಕ್ಲೋವಿಸ್ ಎದ್ದೇ ನಿಂತಿದ್ದ. "ನೀರು ಸುರಿಯೋದಲ್ಲ. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಸಿಂಪಡಿಸ್ಬೇಕು. ಹದಿನೈದು ಸಲ. ಒಂದೊಂದು ಪದರಾನೂ ಹೆಪ್ಪುಗಟ್ಟೋವರೆಗೆ ಕಾಯ್ಬೇಕು. ಅದೂ ಬಣ್ಣದಲ್ಲಿ ಬರೆಯೋದಲ್ಲ ಪುಣ್ಯಾತ್ಮ, ಉಣ್ಣೆ ನೂಲಲ್ಲಿ! ನೂಲು ಒದ್ದೆ ಮಾಡಿ ಇಟ್ರೆ ಅಲ್ಲೇ ಕಚ್ಕೊಳ್ಳತ್ತೆ."

"ನಂಗೇನು ಗೊತ್ತು," ಎಂದ ದೋನಾ. ಅವನ ದನಿಯಲ್ಲಿ ಒಂದಿಷ್ಟೂ ನಾಚಿಕೆಯಿರಲಿಲ್ಲ. ಅವನು ಬೇಕೆಂದೇ ಹಾಗೆ ಹೇಳಿದನೋ, ನಿಜವಾಗಿಯೂ ಅಷ್ಟು ದಡ್ಡನೋ ಬಿಬಿಯಾನ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೆ ಅಂದು ಮಿಕ್ಕ ಕಡುಬನ್ನೆಲ್ಲ ಅವನಿಗೇ ಕಟ್ಟಿಕೊಟ್ಟಳು.

ನವೆಂಬರ್ ಎರಡನೆಯ ವಾರ, ಬೆಳಿಗ್ಗೆ, ಕ್ಲೋವಿಸ್ ರಬ್ಬರ್ ಬೂಟು ಹಾಕಿಕೊಂಡು ನೇರ ದಾರಿಯಲ್ಲೇ ನಡೆದ. ಹಿಮಾಂಗಣದ ಬಾಗಿಲಲ್ಲಿ ಒಂದು ಕ್ಷಣ ನಿಂತ. ಹಿಂದೆ ಬರುತ್ತಿದ್ದ ಬಿಬಿಯಾನ್ ಕೂಡ ನಿಂತಳು. ಅವನು ತಲೆ ಬಗ್ಗಿಸಿ ಹೊಸ್ತಿಲನ್ನು ನೋಡಿ, "ಈ ಕೆಳಗಿನ ರಬ್ಬರು ಹರಿದಿದೆ. ಒಳಗೆ ಗಾಳಿ ನುಗ್ಗತ್ತೆ. ನಾಲ್ಕು ವರ್ಷ ಏನ್ ಮಾಡ್ತಿದ್ರೋ ಇವರು," ಎಂದು ಗೊಣಗಿ ಒಳಗೆ ಹೋದ.

ಮೂರು ದಿನ ಕೆಲಸ ನಡೆಯಿತು. ಯಂತ್ರದವನಿಗೆ ಪೈಪಿನ ತುದಿಗೆ ಬೆರಳಿಟ್ಟು ನೀರನ್ನು ಮಂಜಿನಂತೆ ಹಾರಿಸುವುದನ್ನು ಕಲಿಸುತ್ತ, ಬೈಯುತ್ತ, ಮಧ್ಯೆ ಮಧ್ಯೆ ಮನೆಯಿಂದ ಬಂದ ಬೀನ್ಸ್ ಕಾಳನ್ನು ಡಬ್ಬಿ ಖಾಲಿಯಾಗುವವರೆಗೆ ತಿನ್ನುತ್ತ ಕ್ಲೋವಿಸ್ ಮಂಡಿಯೂರಿ ಕೆಂಪು ನೂಲನ್ನು ಹಾಸಿದ. ನೂಲು ಬಿಬಿಯಾನ್‌ಳದು. ಹನ್ನೊಂದು ಉಂಡೆ ಹೋಯಿತು.

ಮೂರನೆಯ ಮಧ್ಯಾಹ್ನ ನೂಲಿನ ಮೇಲೆ ನೀರಿನ ಪದರ ಬೀಳುವ ಮೊದಲು ಅವನು ಕೂಗಿದ. "ಬಿಬಿ! ಮೇಲಿನ ಬೆಂಚಿಗೆ ಹತ್ತಿ ನೋಡೇ. ನೆಟ್ಟಗಿದೆಯಾ?"

ಅವಳು ಹತ್ತಿ ನೋಡಿದಳು. ಓರ್ಮಿದಾಸ್ ಫೆಕ್ತೊ. ಬಿಳಿಯ ಮೇಲೆ ಕೆಂಪಗೆ, ಹೊಲಿಗೆ ಹಾಕಿದಷ್ಟು ನೇರ. ಒಂದು ಕೂದಲೆಳೆಯಷ್ಟೂ ಓರೆಯಿಲ್ಲ. ಕೆಳಗೆ ಅವನು ಮಂಡಿಯ ಮೇಲೆ ಕೈಯೂರಿ, ಕೆಂಪಾದ ಮೂಗನ್ನೆತ್ತಿ ಕಾಯುತ್ತಿದ್ದ. ಸರಿಯಿದೆ ಎಂದರೆ ಅವನ ಈ ವರ್ಷದ ಕೆಲಸ ಮುಗಿದಂತೆ, ಸಿಂಪಡಿಸಲು ಯಂತ್ರದವನೇ ಸಾಕು.

"ಕೊನೇ ಅಕ್ಷರ ಸ್ವಲ್ಪ ವಾಲಿದೆ," ಎಂದಳು.

"ಎಲ್ಲಿ?"

"ಅಲ್ಲೇ. ಎಡಕ್ಕೆ."

ಅವನು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ಸುಳ್ಳುಬುರುಕಿ," ಎಂದು ಅಲ್ಲೇ ಕಾಲು ಮಡಚಿ ಕೂತು, ಸುಮ್ಮನೆ ಆ ಅಕ್ಷರದ ನೂಲನ್ನು ಮತ್ತೆ ಸವರತೊಡಗಿದ.