ತಮ್ಮ ಕಂಡ ಗೆರೆ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಯಾವ ಯಂತ್ರದ ವೈರಿನಲ್ಲಿ ಏನೇ ಕೆಟ್ಟಿರಲಿ, ಕರೆಂಟಿನ ಏರಿಳಿತವನ್ನು ಗೆರೆಯಾಗಿ ಬರೆಯುವ ಆಸಿಲೋಸ್ಕೋಪಿನ ಪರದೆಯಲ್ಲಿ ಹಿಡಿದು ತೋರಿಸುತ್ತಿದ್ದ. ಹೊಗಳಿಕೆ ಕೇಳಿ ಕೇಳಿ ತಲೆ ತುಸು ತಿರುಗಿತ್ತು, ಅದನ್ನೂ ಹೇಳಿಬಿಡಬೇಕು.

ಅವನ ಅಕ್ಕ ಅಲ್ಲೇ ತಗಡು ಒತ್ತುವ ಪ್ರೆಸ್ಸಿನ ಮುಂದೆ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಪ್ರೆಸ್ ಇಳಿದು ಬಲಗೈಯ ಮೂರು ಬೆರಳು ಹೋದವು. "ನಾನು ಪೆಡಲ್ ತುಳಿದೇ ಇಲ್ಲ, ಅದಾಗೇ ಇಳೀತು," ಎಂದಳು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದಳು. ಯಂತ್ರದ ತಪ್ಪಾದರೆ ಅವಳಿಗೆ ಹಗುರವಾದ ಬೇರೆ ಕೆಲಸ, ಅವಳ ತಪ್ಪಾದರೆ ಗೇಟಿನ ದಾರಿ. ಪರೀಕ್ಷಿಸಿ ಹೇಳಬೇಕಾದವನು ಹದ್ದು.

ಅವನು ಪ್ರೆಸ್ ಇಳಿಯದಂತೆ ಬೀಗ ಹಾಕಿ, ಪೆಡಲಿನ ವೈರಿಗೆ ಸ್ಕೋಪಿನ ಪ್ರೋಬ್ ಸಿಕ್ಕಿಸಿ, ಇಡೀ ನಿಮಿಷ ಒಂದೇ ಪರದೆಯಲ್ಲಿ ಕಾಣುವಂತೆ ಇಟ್ಟು ಎರಡು ದಿನ ನೋಡಿದ. ಗೆರೆ ನೆಟ್ಟಗೆ ಮಲಗಿಯೇ ಇತ್ತು. ಎಲ್ಲರೂ ಸುತ್ತ ನಿಂತಿದ್ದಾಗ, "ವೈರಲ್ಲಿ ಏನೂ ಇಲ್ಲ. ಅಕ್ಕಾನೇ ತುಳಿದಿರೋದು," ಎಂದ.

"ಸ್ವಂತ ಅಕ್ಕ ಅಂತಾನೂ ನೋಡ್ಲಿಲ್ಲ, ಪ್ರಾಮಾಣಿಕತೆ ಅಂದ್ರೆ ಇದಪ್ಪಾ!" ಎಂದು ಮ್ಯಾನೇಜರ್ ಬೆನ್ನು ತಟ್ಟಿದರು.

ಸಂಜೆ ಸಾಮಾನು ಎತ್ತಿಡುವಾಗ ಅವನ ಕಣ್ಣು ಸ್ಕೋಪಿನ ಒಂದು ಗುಂಡಿಯ ಮೇಲೆ ಬಿತ್ತು. ಪೀಕ್ ಡಿಟೆಕ್ಟ್ ಆಫ್ ಆಗಿತ್ತು. ಇಡೀ ನಿಮಿಷವನ್ನು ಒಂದು ಪರದೆಗೆ ತುಂಬಿದರೆ ಸ್ಕೋಪ್ ಆಗೊಮ್ಮೆ ಈಗೊಮ್ಮೆ ಮಾತ್ರ ಕಣ್ಣು ಬಿಡುತ್ತದೆ. ನಡುವೆ ಮಿಂಚಿ ಮಾಯವಾದದ್ದನ್ನು ಹಿಡಿಯಲು ಆ ಗುಂಡಿ ಬೇಕೇ ಬೇಕು. ಹೊಸಬರಿಗೆ ಮೊದಲ ದಿನ ಅವನೇ ಹೇಳಿಕೊಡುತ್ತಿದ್ದ ಪಾಠ. ಒತ್ತಿದ. ಪಕ್ಕದ ಮೋಟಾರ್ ಶುರುವಾದೊಡನೆ ಪರದೆಯಲ್ಲಿ ಮೊಳೆಯಂತೆ ಒಂದು ಗೆರೆ ಎದ್ದು ನಿಂತಿತು. ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇಲ್ಲದ ಕರೆಂಟಿನ ಪೆಟ್ಟು. ಪ್ರೆಸ್ ತಾನಾಗಿ ಇಳಿಯಲು ಅಷ್ಟು ಸಾಕಾಗಿತ್ತು.

ಓಡಿಹೋಗಿ ಹೇಳಬಹುದಿತ್ತು. ನಾಚಿಕೆಗೇಡಿ, ಹೇಳಲಿಲ್ಲ. "ಹದ್ದಿಗೆ ಗುಂಡಿ ಒತ್ತೋದೇ ಮರೆತೋಯ್ತಂತೆ" ಎಂಬ ನಗು ಆಗಲೇ ಕಿವಿಗೆ ಬಿದ್ದಂತಾಯಿತು. ಗೆರೆಯನ್ನು ಅಳಿಸಿದ. ಇನ್ನೊಬ್ಬರ ಕೈ ಹೋಗಬಾರದಲ್ಲ ಎಂದುಕೊಂಡು ಹಳೆಯ ವೈರ್ ಕಿತ್ತು, ಮೋಟಾರಿನ ಪೆಟ್ಟು ತಾಗದಂತೆ ಲೋಹದ ಜಾಲರಿ ಸುತ್ತಿದ ಹೊಸದನ್ನು ಎಳೆದ. ಪುಣ್ಯದ ಕೆಲಸ ಮಾಡಿದೆನೆಂದೂ ಅನ್ನಿಸಿತು. ಅದೇ ವಾರ ಅಕ್ಕನನ್ನು ಕೆಲಸದಿಂದ ತೆಗೆದರು.

ಆರು ತಿಂಗಳು ಅವಳು ಅವನೊಡನೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ತಾನೇ ಮನೆಗೆ ಕರೆಸಿ, ಎಡಗೈಯಲ್ಲಿ ಲೋಟ ತಂದಿಟ್ಟಳು.

"ಆ ಪ್ರೆಸ್ಸು ಮತ್ತೆ ಯಾವತ್ತಾದ್ರೂ ತಾನಾಗೇ ಇಳೀತೇನೋ?"

"ಇಲ್ಲ ಅಕ್ಕ. ಒಂದ್ಸಲನೂ ಇಲ್ಲ." ಅದಂತೂ ನಿಜವೇ.

ಅವಳು ಎರಡೇ ಬೆರಳು ಉಳಿದ ಕೈಯನ್ನು ನೋಡಿಕೊಂಡಳು. "ಹಾಗಾದ್ರೆ ನಾನೇ ತುಳಿದಿರಬೇಕು ಕಣೋ. ಸುಮ್ಸುಮ್ನೆ ನಿನ್ನ ಮೇಲೆ ಇಷ್ಟು ದಿನ ಮುನಿಸ್ಕೊಂಡಿದ್ದೆ. ತಪ್ಪಾಯ್ತಪ್ಪಾ."

"ಇರ್ಲಿ ಬಿಡು ಅಕ್ಕ," ಎಂದು ಹದ್ದು ಅವಳನ್ನು ಕ್ಷಮಿಸಿಬಿಟ್ಟ.