ಗುಣವಾಗದವಳು

ಶ್ರದ್ಧಾಂಜಲಿಯ ಕಾಗದದಲ್ಲಿದ್ದ ‘ಕಡೆಗೆ ಪೂರ್ತಿ ಗುಣವಾಗಿದ್ದಳು’ ಎಂಬ ಸಾಲಿನ ಮೇಲೆ ತಂಗಿ ಅಡ್ಡಗೆರೆ ಎಳೆದಳು. ಅಣ್ಣ ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಅದೇ ಸಾಲನ್ನು ಕೆಳಗೆ ಮತ್ತೆ ಬರೆದ, ಈ ಸಲ ದಪ್ಪ ಅಕ್ಷರದಲ್ಲಿ.

“ಸತ್ತೋಳ ಬಗ್ಗೆ ನಾಲ್ಕು ಒಳ್ಳೆ ಮಾತು ಆಡೋಕೂ ನಿನ್ನ ಅಪ್ಪಣೆ ಬೇಕಾ?”

“ಒಳ್ಳೆ ಮಾತಾಡು. ಸುಳ್ಳು ಯಾಕೆ?”

“ಮೆಲ್ಲಗೆ! ಮೂರನೇ ಸಾಲಲ್ಲಿ ಬೀಗರಾಗೋರು ಕೂತಿದ್ದಾರೆ. ಕಾಯಿಲೆ ವಿಷಯ ಅವರ ಕಿವಿಗೆ ಹೇಗೋ ಬಿದ್ದಿದೆ. ಗುಣ ಆಗಿತ್ತು ಅಂದ್ಬಿಟ್ರೆ ಅಲ್ಲಿಗೆ ಮುಗೀತು. ನನ್ನ ಮಗಳ ಬದುಕು ಕಣೇ ಇದು.”

ಚಿತಾಗಾರದ ಸಭಾಂಗಣ ಅವರಿಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಎದುರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಅಕ್ಕ. ಐವತ್ತೆಂಟು ವರ್ಷ. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತಳು, ಏಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡೇ ಹೋದಳು ಅನ್ನುವುದು, ಹದಿನೇಳು ವರ್ಷ ಅವಳೊಂದಿಗೆ ಒಂದೇ ಮನೆಯಲ್ಲಿದ್ದ ತಂಗಿಗೆ ಯಾಕೋ ಹೆಮ್ಮೆಯ ಸಂಗತಿಯಾಗಿತ್ತು.

ಟೈಲರಂಗಡಿಯ ಮಾಸ್ತರು ಬಂದು ಪಕ್ಕದಲ್ಲಿ ಕೂತರು. ಅಕ್ಕ ಇಪ್ಪತ್ತಾರು ವರ್ಷ ಬಟ್ಟೆಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದದ್ದು ಅವರಲ್ಲೇ.

“ನಾಲ್ಕು ಕೋಟು ಹಾಗೇ ನೇತಾಡ್ತಿವೆ. ಮಷೀನಿಗೆ ಕೊಡಿ ಅಂತಾನೆ ನನ್ನ ಮಗ. ಮಷೀನಿನ ಕಾಜಾನ ನಿಮ್ಮಕ್ಕ ಕಾಜಾ ಅಂತಾನೇ ಇರ್ಲಿಲ್ಲ. ಗಾಯ ಅಂತಿದ್ರು.”

ತಂಗಿಗೆ ನಗು ಬಂತು. ಅಣ್ಣ ಕೆಕ್ಕರಿಸಿ ನೋಡಿದ.

*

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅಕ್ಕ ಮೂರು ಸಲ ಹೇಳದೆ ಕೇಳದೆ ಎದ್ದು ಹೊರಟಿದ್ದಳು. ಎಂಥ ಧಿಮಾಕು ಅಂದುಕೊಂಡ ಮಾಸ್ತರು, ಮೂರನೆಯ ಸಲ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬೀದಿಗೆ ಓಡಿಬಂದರು.

ಯಾಕೆ ಎದ್ದು ಬಂದೆ ಎಂದು ಕೈಸನ್ನೆಯಲ್ಲೇ ಕೇಳಿದರು.

“ನೀವೇ ಅಂದ್ರಲ್ಲ, ದಂಡಪಿಂಡ, ಎದ್ದು ತೊಲಗು ಅಂತ.”

ಮಾಸ್ತರು ತುಟಿಗಳ ನಡುವಿನಿಂದ ಒಂದೊಂದಾಗಿ ಐದು ಗುಂಡುಸೂಜಿ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. “ಇಷ್ಟೊತ್ತೂ ಇವು ಬಾಯಲ್ಲಿದ್ವು. ನಾನು ಹೇಗೆ ಮಾತಾಡ್ಲಿ?”

ಅಕ್ಕ ಸೂಜಿಗಳನ್ನು ನೋಡಿದಳು. ಆಮೇಲೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ನಂಗೆ ಸ್ಕಿಝೋಫ್ರೀನಿಯಾ ಮಾಸ್ತರೇ. ಕಿವೀಲಿ ಮೂರು ಜನ ಮಾತಾಡ್ತಾರೆ. ಮಾತ್ರೆ ತಪ್ಪಿಸಲ್ಲ. ಸದ್ದು ತಗ್ಗಿದೆ, ನಿಂತಿಲ್ಲ. ಅದರಲ್ಲೊಬ್ಬ ಈಗ ನಿಮ್ಮ ದನೀನೇ ಕದ್ದಿದ್ದಾನೆ.”

“ಅವನಿಗೆ ಕಾಜಾ ಹೊಲಿಯೋಕೆ ಬರುತ್ತಾ?”

“ಇಲ್ಲ.”

“ಹಾಗಾದ್ರೆ ನೀನೇ ಬಾ.”

ಅಂದಿನಿಂದ ಅಂಗಡಿಯಲ್ಲಿ ಒಂದು ಪದ್ಧತಿ ಶುರುವಾಯಿತು. ಅಕ್ಕನ ಹತ್ತಿರ ಮಾತಾಡುವ ಮೊದಲು ಯಾರೇ ಆಗಲಿ ಮರದ ಸ್ಕೇಲಿನಿಂದ ಮೇಜಿಗೆ ಎರಡು ಸಲ ಬಡಿಯಬೇಕು. ಬಡಿದ ಮೇಲೆ ಬಂದದ್ದು ಮನುಷ್ಯರ ಮಾತು. ಬಡಿಯದೆ ಬಂದದ್ದಕ್ಕೆ ಅವಳು ತಲೆ ಎತ್ತುತ್ತಿರಲಿಲ್ಲ. ಗಿರಾಕಿಗಳೂ ಕಲಿತರು. ಕೆಟ್ಟ ದಿನಗಳಲ್ಲಿ “ಮಾಸ್ತರೇ, ಇವತ್ತು ಕತ್ತರಿ ನಿಮ್ಮ ಹತ್ರಾನೇ ಇರ್ಲಿ” ಅನ್ನುತ್ತಿದ್ದಳು. ಅವರು ಯಾಕೆಂದು ಕೇಳದೆ ದಿನವಿಡೀ ದಾರ ಕತ್ತರಿಸಿಕೊಡುತ್ತಿದ್ದರು. ಮರುದಿನ ಆಸ್ಪತ್ರೆಗೆ ಹೋಗಿಬರಲು ಅವಳಿಗೆ ರಜೆ.

ಮನೆಯಲ್ಲಿ ಸಂಜೆ ಆರಕ್ಕೆ ಅಕ್ಕ ಕುರ್ಚಿ ಎಳೆದುಕೊಂಡು ಕೂರುವುದು ಪಕ್ಕದ ಕೋಣೆಯಲ್ಲಿದ್ದ ತಂಗಿಗೆ ಕೇಳುತ್ತಿತ್ತು. “ಹೂಂ, ಬನ್ನಿ. ಒಬ್ಬೊಬ್ಬರಾಗಿ ಬೊಗಳಿ.” ಅರ್ಧ ಗಂಟೆ ಕಿವಿಯೊಳಗಿನ ಆ ಮೂವರನ್ನು ಕೇಳಿಸಿಕೊಂಡು, ಎದುರುತ್ತರ ಕೊಟ್ಟು, ಎದ್ದುಬಿಡುತ್ತಿದ್ದಳು. “ಇವತ್ತಿಗೆ ಸಾಕು. ನಂಗೆ ಅಡುಗೆ ಇದೆ, ನಿಮಗೇನು ಕೆಲಸ?”

*

ಅಣ್ಣ ಸಭೆಯೆದುರು ನಿಂತು ಕನ್ನಡಕ ಏರಿಸಿ ಓದುತ್ತಿದ್ದ. ಶಾಂತ ಸ್ವಭಾವದವಳು. ಯಾರಿಗೂ ಎದುರಾಡಿದವಳಲ್ಲ. ಕಡೆಗೆ ಪೂರ್ತಿ ಗುಣವಾಗಿದ್ದಳು.

“ಗುಣ ಆಗಿರ್ಲಿಲ್ಲ,” ಅಂದಳು ತಂಗಿ. ಎದ್ದು ನಿಂತಿದ್ದು ಅವಳಿಗೆ ಆಮೇಲೆ ತಿಳಿಯಿತು.

“ಕೂತ್ಕೊ,” ಅಣ್ಣ ಹಲ್ಲು ಕಚ್ಚಿ ಹೇಳಿದ.

“ಸಾಯೋ ಹಿಂದಿನ ಸಂಜೆವರೆಗೂ ಅವಳಿಗೆ ಕೇಳಿಸ್ತಿತ್ತು. ನೀನು ಯಾವುದಕ್ಕೂ ಲಾಯಕ್ಕಿಲ್ಲ ಅಂತ ಮೂವತ್ತೊಂದು ವರ್ಷ ಕಿವೀಲಿ ಕೂತು ಹೇಳಿದ್ರು. ಅವಳು ಹೌದು ಅನ್ಲಿಲ್ಲ. ಮಾತ್ರೆ ನುಂಗಿದ್ಲು, ಕೆಲಸಕ್ಕೆ ಹೋದ್ಲು, ಸಂಜೆ ಬಂದು ಅವರ ನೀರಿಳಿಸಿದ್ಲು. ಶಾಂತ ಸ್ವಭಾವವಂತೆ! ಗುಣ ಆಗಿತ್ತು ಅಂದ್ರೆ ಅದೆಲ್ಲ ಸಲೀಸಾಗಿತ್ತು ಅಂದ ಹಾಗೆ. ಸಲೀಸಿರ್ಲಿಲ್ಲ. ಇದ್ರಲ್ಲಿ ಯಾರಿಗಾದ್ರೂ ನಾಚಿಕೆ ಕಂಡ್ರೆ, ಬಾಗಿಲು ಅಲ್ಲಿದೆ.”

ಯಾರೂ ಏಳಲಿಲ್ಲ. ಮೂರನೇ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು, ಅಷ್ಟೆ. ಅಣ್ಣ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿಕೊಂಡು ಪಡಸಾಲೆಗೆ ಹೊರಟುಹೋದ. ತಂಗಿ ಅವನ ಹಿಂದೆಯೇ ಬಂದಳು.

“ಮಾನ ತೆಗೆದೆಯಲ್ಲೇ.”

“ಅವಳ ಮಾನ ಉಳಿಸಿದೆ.”

ಅಷ್ಟರಲ್ಲಿ ಮೂಲೆಯಿಂದ ಜೋರು ದನಿ ಕೇಳಿತು. ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಕಿವಿಗೆ ಫೋನ್ ಒತ್ತಿಕೊಂಡು, “ಇವತ್ತು ಬೇಡ ಅಂದ್ನಲ್ಲ! ಸಾವಿನ ಮನೇಲೂ ನಿಂದೇ ಗೋಳಾ?” ಎಂದು ಗದರುತ್ತಿದ್ದಳು.

ಅಣ್ಣನ ಸಿಟ್ಟು ಅತ್ತ ತಿರುಗಿತು. “ಏನಮ್ಮ, ಫೋನಲ್ಲಿ ಜಗಳ ಆಡೋಕೆ ಇದೇ ಜಾಗ ಸಿಕ್ಕಿತಾ?”

ಹುಡುಗಿ ಫೋನನ್ನು ತಿರುಗಿಸಿ ತೋರಿಸಿದಳು. ಪರದೆ ಕಪ್ಪಗಿತ್ತು.

“ಆಫ್ ಆಗಿದೆ ಸರ್. ನಂಗೂ ಕಿವೀಲಿ ದನಿ ಕೇಳಿಸುತ್ತೆ, ಆಸ್ಪತ್ರೇಲಿ ಅಕ್ಕನ ಪಕ್ಕ ಕೂರ್ತಿದ್ದೆ. ಬರಿಗೈಲಿ ಬೈದ್ರೆ ಜನ ಮುತ್ಕೊಂಡು ನೋಡ್ತಾರೆ, ಫೋನಿದ್ರೆ ಯಾರೂ ತಿರುಗಿ ನೋಡಲ್ಲ ಅಂತ ಅವರೇ ಹೇಳ್ಕೊಟ್ರು. ಒಂದೇ ನಿಮಿಷ, ಮುಗಿಸ್ತೀನಿ.”

ಅಣ್ಣ ಬಗ್ಗಿ ಆ ಕಪ್ಪು ಪರದೆಯನ್ನೇ ನೋಡಿದ. ಮದುವೆಯಲ್ಲಿ, ನಾಮಕರಣದಲ್ಲಿ, ಫೋನ್ ಹಿಡಿದು ಅಂಗಳಕ್ಕೆ ಎದ್ದು ಹೋಗುತ್ತಿದ್ದ ಅಕ್ಕನನ್ನು ‘ದೊಡ್ಡ ಮಂತ್ರಿ, ಪುರುಸೊತ್ತಿಲ್ಲ’ ಎಂದು ಎಲ್ಲರೆದುರು ಆಡಿಕೊಂಡವನು ಅವನೇ.

ಸಭಾಂಗಣದ ನೌಕರ ತುಟಿಗೆ ಬೆರಳಿಟ್ಟು ಹುಡುಗಿಯತ್ತ ಬಂದ. ಅವನ ಹಿಂದೆ ಬೀಗರಾಗುವವರು.

“ಮಾತಾಡ್ತಿದ್ದಾರೆ. ಇರಿ,” ಅಂದ ಅಣ್ಣ. ತಂಗಿಯ ಕಡೆ ನೋಡಲಿಲ್ಲ. ಹುಡುಗಿಗೆ ಬೆನ್ನು ಮಾಡಿ, ಮೂಲೆಯ ಎರಡೂ ಗೋಡೆಗೆ ಕೈ ಊರಿ ನಿಂತ. ಅವನ ಅಗಲ ಬೆನ್ನಿನ ಹಿಂದೆ ಜಗಳ ನಡೆದೇ ಇತ್ತು.