ಒಂದೂಕಾಲು ಸೆಕೆಂಡಿನ ನೀರುನಾಯಿ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ತಕ್ಕಡಿ, ತೂಕದ ಬಟ್ಟು, ಥರ್ಮಾಮೀಟರು, ಅಳತೆಯ ಪಟ್ಟಿ, ಎಲ್ಲವನ್ನೂ ಪರೀಕ್ಷಿಸಿ ‘ಸರಿ ಇದೆ’ ಎಂದು ಚೀಟಿ ಅಂಟಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ ಮಾಡಿಕೊಂಡು ಬಂದಿದ್ದೇನೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನನಗಾಗಿಯೇ ಯಾರೋ ಕಟ್ಟಿರಬೇಕು.

ನನ್ನ ಅಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅವಳು ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಆಪರೇಟರು. ಬೆಳಗಿನ ಪಾಳಿ. ಪಂಪು ಶುರು ಮಾಡಿ, ಒತ್ತಡದ ಮುಳ್ಳು ಎಲ್ಲಿ ನಿಂತಿದೆ ಎಂದು ಬರೆದಿಟ್ಟು, ಹಿಂದಿನ ಮೆಟ್ಟಿಲ ಮೇಲೆ ಫ್ಲಾಸ್ಕು ಇಟ್ಟುಕೊಂಡು ಕೂರುತ್ತಾಳೆ. ಎದುರಿಗೆ ಹೆಚ್ಚಾದ ನೀರು ಹೋಗುವ ಕಾಲುವೆ. ಅದರ ಆಚೆ ದಡದಲ್ಲಿ, ಎಷ್ಟೋ ವರ್ಷದಿಂದ ಉಪಯೋಗಿಸದ ಒಂದು ದೊಡ್ಡ ಸಿಮೆಂಟು ಪೈಪಿನ ಬಾಯಿ.

ಒಂದು ದಿನ ಫೋನು ಮಾಡಿ ಹೇಳಿದಳು. “ನೀರುನಾಯಿ ಇದೆ ಕಣೇ. ಹಳೇ ಪೈಪಿನೊಳಗೆ ಮರಿ ಹಾಕಿದೆ. ಮರಿಗಳು ಸಿಳ್ಳೆ ಹಾಕೋದು ಕೇಳಿಸುತ್ತೆ.”

ನನಗೆ ನಗು ಬಂತು. ಅಕ್ಕ ಕಡ್ಡಿಯನ್ನು ಗುಡ್ಡ ಮಾಡುವವಳೆಂದು ಮನೆಯಲ್ಲಿ ಮೊದಲಿನಿಂದಲೂ ಹೆಸರು. ಶಾಲೆಯ ಬಾವಿಯಲ್ಲಿ ಮೊಸಳೆ ಇದೆ ಎಂದು ಇಡೀ ತರಗತಿಯನ್ನು ಓಡಿಸಿದವಳು. ಅದು ಕೊಳೆತ ಮರದ ದಿಮ್ಮಿ ಆಗಿತ್ತು. ಆಗ ಅವಳಿಗೆ ಒಂಬತ್ತು ವರ್ಷ, ಈಗ ಐವತ್ತೆರಡು. ಮೊಸಳೆ ಮಾತ್ರ ಅವಳ ಬೆನ್ನು ಬಿಟ್ಟಿಲ್ಲ.

ಈ ಸಲ ಮಾತು ನಗೆಯಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಪೈಪಿನೊಳಗೆ ಕಸ ಸೇರಿಕೊಳ್ಳುತ್ತದೆಂದು ಅದರ ಬಾಯಿಗೆ ಕಬ್ಬಿಣದ ಜಾಲರಿ ಬೆಸುಗೆ ಹಾಕಿಸಲು ಆದೇಶ ಬಂದಿತ್ತು. ಎರಡು ವಾರ ಬಿಟ್ಟು ಸೋಮವಾರ ಕೆಲಸ. ತಾಯಿ ಹೊರಗೆ ಮೀನು ಹಿಡಿಯುತ್ತಿರುವಾಗ ಜಾಲರಿ ಬಿದ್ದರೆ ಮರಿಗಳು ಒಳಗೇ ಉಪವಾಸ ಸಾಯುತ್ತವೆ. ಅಕ್ಕ ಎಂಜಿನಿಯರ ಹತ್ತಿರ ಹೋಗಿ ಇದನ್ನೇ ಹೇಳಿದಳು.

ಅವರು ಕೆಟ್ಟ ಮನುಷ್ಯರಲ್ಲ. “ನೀವು ಹೇಳಿದ್ರಿ ಅಂತ ಮೇಲಿನವರಿಗೆ ಹೇಗೆ ಬರೀಲಿ, ಮೇಡಂ? ಬೇರೆ ಪಾಳಿಯವರು ಯಾರೂ ನೋಡಿಲ್ಲ ಅಂತಾರೆ. ಒಂದೇ ಒಂದು ಫೋಟೋ ಕೊಡಿ, ನಾನೇ ನಿಲ್ಲಿಸ್ತೀನಿ” ಎಂದರಂತೆ.

ಪಂಪ್‌ಹೌಸಿಗೆ ಫೋನು ಒಯ್ಯುವ ಹಾಗಿಲ್ಲ. ಗೇಟಿನಲ್ಲೇ ಕೊಟ್ಟು ಹೋಗಬೇಕು. ಆದರೆ ಕಾಡುಪ್ರಾಣಿಗಳ ಫೋಟೋ ತೆಗೆಯುವ, ಮರಕ್ಕೆ ಕಟ್ಟುವ ಕ್ಯಾಮೆರಾ ಇಡಲು ಎಂಜಿನಿಯರು ಒಪ್ಪಿದರು. ಅಂಥದ್ದೊಂದು ನಮ್ಮ ಮನೆಯಲ್ಲೇ ಇತ್ತು. ನಮ್ಮ ಯಜಮಾನರಿಗೆ ಅಗ್ಗದ ಸಾಮಾನು ಕಂಡರೆ ಕೈ ಸುಮ್ಮನಿರುವುದಿಲ್ಲ. ಅಕ್ಕ ಅವರನ್ನು ‘ಆಫರಪ್ಪ’ ಎಂದೇ ಕರೆಯುತ್ತಾಳೆ. ಮಹಡಿಯ ಮೇಲಿನ ತೊಟ್ಟಿಗೆ ಯಾವ ಹಕ್ಕಿ ಬರುತ್ತದೆಂದು ನೋಡಲು ತರಿಸಿದ್ದ ಕ್ಯಾಮೆರಾ ಅದು. ಎರಡು ದಿನ ಆಡಿ ಕಪಾಟಿಗೆ ತಳ್ಳಿದ್ದರು.

“ಇದರ ಮುಂದೆ ಏನು ಹಾದುಹೋದ್ರೂ ತಾನೇ ಫೋಟೋ ಹೊಡೆಯುತ್ತೆ, ಅತ್ತಿಗೆ. ಸೊಳ್ಳೆನೂ ಬಿಡಲ್ಲ” ಎಂದು ಸಾಕಿದ ನಾಯಿಯನ್ನು ಹೊಗಳುವ ಹಾಗೆ ಹೊಗಳಿ ಕೊಟ್ಟರು.

ಅಕ್ಕ ಅದನ್ನು ಪೈಪಿನ ಬಾಯಿಯ ಹತ್ತಿರ ಒಂದು ಕಂಬಕ್ಕೆ ಕಟ್ಟಿದಳು. ಹನ್ನೊಂದು ದಿನ ಅದು ಅಲ್ಲೇ ಇತ್ತು. ಕಾರ್ಡು ತಂದು ನೋಡಿದರೆ ಮುನ್ನೂರ ಹನ್ನೆರಡು ಫೋಟೋ. ಬಿಸಿಲಿಗೆ ಕಾದು ಗಾಳಿಗೆ ಅಲ್ಲಾಡಿದ ಹುಲ್ಲು, ಕೊಕ್ಕರೆ, ಎರಡು ಬೀದಿನಾಯಿ, ಕ್ಯಾಮೆರಾದೊಳಕ್ಕೇ ಇಣುಕಿದ ಒಂದು ಕಾಗೆ, ಅಕ್ಕನ ಚಪ್ಪಲಿ. ನೀರುನಾಯಿಯ ಬಾಲದ ತುದಿಯೂ ಇಲ್ಲ. ಎಂಜಿನಿಯರು ಕೂತು ಒಂದೊಂದನ್ನೂ ನೋಡಿ ಕಾರ್ಡು ವಾಪಸು ಕೊಟ್ಟರಂತೆ.

ಆ ಶುಕ್ರವಾರ ಸಂಜೆ ಅಕ್ಕ ನಮ್ಮ ಅಡುಗೆಮನೆಯಲ್ಲಿ ನಿಂತು, “ಕ್ಯಾಮೆರಾ ಸರಿ ಇಲ್ಲ” ಎಂದಳು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ” ಎಂದು ನಾನು ನಕ್ಕೆ. “ಅದು ಯಂತ್ರ ಅಕ್ಕ. ಸುಳ್ಳು ಹೇಳಲ್ಲ.”

ಅವಳು ಜಗಳಕ್ಕೆ ಬರಲಿಲ್ಲ. “ಹಾಗಾದ್ರೆ ನಾನು ಹೇಳ್ತೀನಾ?” ಎಂದು ಕೇಳಿ, ಕುಡಿಯದ ಟೀ ಲೋಟವನ್ನು ಸಿಂಕಿನ ಪಕ್ಕ ಇಟ್ಟು ಹೋದಳು. ಜಗಳ ಆಡಿದ್ದರೆ ಚೆನ್ನಾಗಿತ್ತು.

ಕಾರ್ಡು, ಕ್ಯಾಮೆರಾ ಎರಡೂ ನಮ್ಮ ಮನೆಯಲ್ಲೇ ಉಳಿದಿದ್ದವು. ಶನಿವಾರ ಬೆಳಿಗ್ಗೆ ಮತ್ತೊಮ್ಮೆ ಮೊದಲಿನಿಂದ ನೋಡುತ್ತಾ ಕೂತೆ. ನೀರುನಾಯಿ ಹುಡುಕುವ ಆಸೆಯಿಂದಲ್ಲ, ತಪ್ಪು ನನ್ನದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುವುದಕ್ಕೆ. ಇನ್ನೂರ ನಾಲ್ಕನೇ ಫೋಟೋದಲ್ಲಿ ಕಾಗೆ ಇತ್ತು. ನಾನು ಅಲ್ಲಿಯತನಕ ಕಾಗೆಯನ್ನೇ ನೋಡಿದ್ದೆ. ಈ ಸಲ ಕಾಗೆಯ ಕಾಲ ಬಳಿಯ ಸಿಮೆಂಟು ಕಟ್ಟೆ ಕಣ್ಣಿಗೆ ಬಿತ್ತು. ನೀರಿನಿಂದ ಹೊರಟು ಪೈಪಿನ ಕಡೆಗೆ ಹೋದ ಒದ್ದೆ ಹೆಜ್ಜೆಗಳ ಸಾಲು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಂಥ ಬಿಸಿಲಿಗೆ ಒದ್ದೆ ಹೆಜ್ಜೆ ಐದು ನಿಮಿಷವೂ ನಿಲ್ಲುವುದಿಲ್ಲ. ಅದರ ಹಿಂದಿನ ಫೋಟೋ ತೆಗೆದಿದ್ದು ನಲವತ್ತು ನಿಮಿಷ ಮುಂಚೆ.

ಅಂದರೆ ಏನೋ ಒಂದು ಒದ್ದೆ ಮೈಯಲ್ಲಿ ಕ್ಯಾಮೆರಾದ ಮೂಗಿನ ಕೆಳಗೇ ಹಾದುಹೋಗಿತ್ತು. ನಾಯಿಯೋ ನೀರುನಾಯಿಯೋ, ಆ ಮಾತು ಆಮೇಲೆ. ಸೊಳ್ಳೆನೂ ಬಿಡದ ಕ್ಯಾಮೆರಾ ಅದನ್ನು ಬಿಟ್ಟಿತ್ತು.

ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸುವ ನಾನು ಈ ಡಬ್ಬಿಯನ್ನು ಒಂದು ಸಲವೂ ಪರೀಕ್ಷಿಸಿರಲಿಲ್ಲ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಿ, ಅಕ್ಕನನ್ನು ಬಿಟ್ಟುಕೊಟ್ಟಿದ್ದೆ.

“ಎದ್ದೇಳಿ, ಕೆಲಸ ಇದೆ” ಎಂದು ಯಜಮಾನರನ್ನು ಹಾಲಿಗೆ ಎಳೆದು ತಂದೆ. ಮೇಜು ಕುರ್ಚಿ ಗೋಡೆಗೆ ಸರಿಸಿ, ಕ್ಯಾಮೆರಾವನ್ನು ಸ್ಟೂಲಿನ ಕಾಲಿಗೆ ಕಟ್ಟಿ, ಅದರ ಮುಂದೆ ನಾಲ್ಕು ಕಾಲಲ್ಲಿ ನಡೆಯಲು ಹೇಳಿದೆ.

“ನನ್ನ ವಯಸ್ಸೇನು, ನೀನು ಮಾಡಿಸ್ತಿರೋದೇನು?” ಎನ್ನುತ್ತಲೇ ಅಂಬೆಗಾಲಿಟ್ಟರು. ಹತ್ತು ಸಲಕ್ಕೆ ಹತ್ತು ಫೋಟೋ ಬಂತು. ಹತ್ತರಲ್ಲೂ ಅವರ ಹಿಂಭಾಗ ಮಾತ್ರ. ಮುಖ ದಾಟಿಹೋದ ಮೇಲೆ ಕ್ಯಾಮೆರಾಗೆ ಎಚ್ಚರ ಆಗುತ್ತಿತ್ತು. ಇದು ತಡ ಮಾಡುತ್ತದೆ ಎಂದು ಬರೆದುಕೊಂಡೆ. ಆದರೆ ತಡವೊಂದೇ ಕಾರಣವಾದರೆ ಬಾಲವಾದರೂ ಸಿಗಬೇಕಿತ್ತಲ್ಲ!

ಹನ್ನೊಂದನೇ ಸಲಕ್ಕೆ ಅವರ ಮೇಲೆ ತಣ್ಣೀರಲ್ಲಿ ನೆನೆಸಿದ ಹಳೇ ಜಮಖಾನ ಹೊದಿಸಿದೆ. ಬೈದರು. ಬೈಯುತ್ತಲೇ ನಡೆದರು. ಫೋಟೋ ಇಲ್ಲ. ಮತ್ತೆ ನಡೆಸಿದೆ, ಇಲ್ಲ. ಏಳು ಸಲ ಆ ಕಡೆ ಈ ಕಡೆ ಓಡಾಡಿದರೂ ಕ್ಯಾಮೆರಾ ಕಣ್ಣು ಬಿಡಲಿಲ್ಲ. ಯಜಮಾನರು ಬೈಯುವುದನ್ನು ಮರೆತು ಜಮಖಾನದೊಳಗಿಂದ ತಲೆ ಹೊರಗೆ ಹಾಕಿದರು. “ನಾನು ಮಾಯ ಆದೆ ಕಣೇ!”

ಹೌದು, ಮಾಯವೇ ಆಗಿದ್ದರು. ಈ ಕ್ಯಾಮೆರಾ ನೋಡಿ ಎಚ್ಚರಗೊಳ್ಳುವುದಿಲ್ಲ, ಬಿಸಿ ತಾಗಿದರೆ ಮಾತ್ರ ಎಚ್ಚರಗೊಳ್ಳುತ್ತದೆ. ಒಣ ನಾಯಿ ಬೆಚ್ಚಗಿರುತ್ತದೆ, ಸಿಗುತ್ತದೆ. ಈಗಷ್ಟೇ ನೀರಿನಿಂದ ಎದ್ದ ನೀರುನಾಯಿಯ ತುಪ್ಪಳ ನೀರಷ್ಟೇ ತಣ್ಣಗೆ. ಅದರ ಪಾಲಿಗೆ ಅಲ್ಲಿ ಪ್ರಾಣಿಯೇ ಇಲ್ಲ. ಖಾಲಿ ಫೋಟೋಗಳು ಯಾವುದಕ್ಕೂ ಸಾಕ್ಷಿಯಾಗಿರಲಿಲ್ಲ.

ಆದರೆ ಇದನ್ನು ಎಂಜಿನಿಯರಿಗೆ ಹೇಳಿ ಪ್ರಯೋಜನ? ಅವರು ಕೇಳಿದ್ದು ಫೋಟೋ. ನಿಮಿಷಕ್ಕೊಂದು ಫೋಟೋ ತಾನಾಗಿಯೇ ತೆಗೆಯುವ ಗುಂಡಿಯೊಂದು ಕ್ಯಾಮೆರಾದಲ್ಲಿತ್ತು. ನೀರುನಾಯಿ ಪೈಪಿನ ಬಾಯಲ್ಲಿ ನಿಲ್ಲುವುದು ಒಂದೇ ಸೆಕೆಂಡು ಎಂದು ಅಕ್ಕ ಹಿಂದೊಮ್ಮೆ ಹೇಳಿದ್ದಳು. ನಿಮಿಷಕ್ಕೊಂದು ಫೋಟೋದಲ್ಲಿ ಅದು ಸಿಗುವುದು ಲಾಟರಿ ಹೊಡೆದ ಹಾಗೆ. ಉಳಿದಿದ್ದು ಭಾನುವಾರ ಒಂದೇ.

ನನ್ನ ಕಸುಬಿನಲ್ಲಿ ಒಂದು ಮಾತಿದೆ. ಯಾವಾಗಲೂ ಹತ್ತು ಗ್ರಾಂ ಹೆಚ್ಚು ತೋರಿಸುವ ತಕ್ಕಡಿಗೆ ಹೆದರಬೇಕಾಗಿಲ್ಲ, ಹತ್ತು ಕಳೆದರಾಯಿತು. ಒಂದು ದಿನ ಹತ್ತು, ಇನ್ನೊಂದು ದಿನ ಮೂವತ್ತು ತೋರಿಸುವುದನ್ನು ಗುಜರಿಗೆ ಹಾಕಬೇಕು. ಈ ಕ್ಯಾಮೆರಾ ಯಾವ ಜಾತಿಯದು ಎಂದು ತಿಳಿಯುವ ಹುಚ್ಚು ಹತ್ತಿತು. ಸ್ಟಾಪ್‌ವಾಚು ಅದರ ಎದುರಿಗೆ ಇಟ್ಟು, ಒಂದು ಕೈಯಲ್ಲಿ ವಾಚಿನ ಗುಂಡಿ ಒತ್ತುವ ಕ್ಷಣಕ್ಕೇ ಇನ್ನೊಂದು ಕೈಯನ್ನು ಕ್ಯಾಮೆರಾದ ಮುಂದೆ ಆಡಿಸಿದೆ. ಫೋಟೋದಲ್ಲಿ ವಾಚು ಎಷ್ಟು ತೋರಿಸುತ್ತದೋ ಅಷ್ಟು ತಡ. ಇಪ್ಪತ್ತು ಸಲ ಮಾಡಿದೆ. ಇಪ್ಪತ್ತು ಸಲವೂ ಒಂದೂಕಾಲು ಸೆಕೆಂಡಿನ ಆಸುಪಾಸು. ಸೋಮಾರಿಯೇ, ಆದರೆ ನಿಯತ್ತಿನ ಸೋಮಾರಿ! ಜೊತೆಗೆ ಇನ್ನೊಂದು ತಿಳಿಯಿತು. ಬಿಸಿ ಹಿಡಿಯುವ ಪುಟ್ಟ ಕಣ್ಣುಗಳು ಅದರ ಮಗ್ಗುಲಲ್ಲೂ ಇದ್ದವು. ಪಕ್ಕದಲ್ಲಿ ಕೈ ಆಡಿಸಿದರೂ ಫೋಟೋ ಬರುತ್ತಿತ್ತು, ಅಂಚಿನಲ್ಲಿ ಬೆರಳ ತುದಿ ಮಾತ್ರ ಕಾಣುತ್ತಿತ್ತು.

ಸಂಜೆ ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದವಳು “ಬಾ” ಎನ್ನಲಿಲ್ಲ. ನಾನೇ ಒಳಗೆ ಹೋಗಿ ಹೇಳಿದೆ. “ಕ್ಯಾಮೆರಾ ಸರಿ ಇಲ್ಲ ಅಕ್ಕ. ನೀನು ಹೇಳಿದ್ದೇ ಸರಿ. ತಪ್ಪಾಯ್ತು.”

ಅವಳು, “ಆಫರಪ್ಪ ಏನಂದ?” ಎಂದಳು. ಜಮಖಾನದ ಕಥೆ ಹೇಳಿದೆ. ಕೇಳುತ್ತಾ ಕೇಳುತ್ತಾ ಗೋಡೆ ಹಿಡಿದುಕೊಂಡು ನಕ್ಕಳು. ನಾನು ಆಗ ಕೇಳಿದೆ. “ಅದು ತಲೆ ಎತ್ತೋ ಮೊದಲೇ ನಿಂಗೆ ಗೊತ್ತಾಗುತ್ತಾ?”

“ಗೊತ್ತಾಗದೆ ಏನು! ನೀರಲ್ಲಿ ಗುಳ್ಳೆ ಸಾಲು ಬರುತ್ತೆ. ಆ ಸಾಲು ಪೈಪಿನ ಕಡೆ ತಿರುಗ್ತು ಅಂದ್ರೆ ಮುಗೀತು. ಒಂದು, ಎರಡು ಅನ್ನೋದ್ರಲ್ಲಿ ಮೇಲೆ ಬಂದಿರುತ್ತೆ.”

“ನೀನು ಕೈ ಆಡಿಸಿದ್ರೆ ಹೆದರುತ್ತಾ?”

“ಎದ್ದು ನಿಂತ್ರೆ ಹೆದರುತ್ತೆ. ಮಂಡಿ ಹತ್ರ ಬೆರಳಾಡಿಸಿದ್ರೆ ಅದಕ್ಕೇನು? ನಾನು ಟೀ ಬಗ್ಗಿಸಿಕೊಳ್ಳೋದನ್ನ ದಿನಾ ನೋಡುತ್ತೆ.”

ಕ್ಯಾಮೆರಾವನ್ನು ಕಂಬದ ಬದಲು ಮೆಟ್ಟಿಲ ಮೇಲೆ ಅವಳ ಮಂಡಿಯ ಪಕ್ಕ ಇಡುವುದು, ಗುಳ್ಳೆ ತಿರುಗಿದ ಕೂಡಲೇ ಅವಳ ಕೈಯ ಬಿಸಿಯಿಂದ ಅದನ್ನು ಎಬ್ಬಿಸುವುದು ಎಂದಾಯಿತು. ಅವಳ ಹಾಲಿನಲ್ಲಿ ಅಭ್ಯಾಸ ಮಾಡಿದೆವು. ನಾನು ಸೋಫಾದ ಹಿಂದೆ ಬಗ್ಗಿ ಕೂತು “ಗುಳ್ಳೆ!” ಎನ್ನುತ್ತಿದ್ದೆ, ಅವಳು ಮಂಡಿಯ ಪಕ್ಕದ ಕ್ಯಾಮೆರಾಗೆ ಬೆರಳಾಡಿಸುತ್ತಿದ್ದಳು, ನಾನು “ಒಂದು, ಎರಡು” ಎಣಿಸಿ ತಲೆ ಎತ್ತುತ್ತಿದ್ದೆ. ಎಂಟನೇ ಸಲದ ಹೊತ್ತಿಗೆ ನನ್ನ ಮುಖ ಪೂರ್ತಿ ಫೋಟೋದಲ್ಲಿ ಬಿತ್ತು. ಕೂದಲು ಕೆದರಿ, ಬಾಯಿ ತೆರೆದು, ನೀರುನಾಯಿಗಿಂತ ನಾನೇ ಕಾಡುಪ್ರಾಣಿಯಂತೆ ಕಾಣುತ್ತಿದ್ದೆ.

ಭಾನುವಾರ ನಾನು ಗೇಟಿನ ಹೊರಗಿನ ಬೆಂಚಿನ ಮೇಲೆ ಕಾದೆ. ಹೊಸಬರ ವಾಸನೆ ಬಂದರೆ ಅದು ಹೊರಗೆ ಬರುವುದಿಲ್ಲವೆಂದು ಅಕ್ಕ ಒಳಗೆ ಬಿಡಲಿಲ್ಲ. ಪಂಪಿನ ಸದ್ದು ಗೋಡೆ ದಾಟಿ ಬರುತ್ತಿತ್ತು. ಅದು ಬರದೇ ಹೋದರೆ? ಬಂದೂ ಸಿಗದೇ ಹೋದರೆ? ಅಕ್ಕನನ್ನು ಇನ್ನೊಮ್ಮೆ ಸುಳ್ಳಿಯನ್ನಾಗಿ ಮಾಡಲು ನಾನೇ ದಾರಿ ಮಾಡಿಕೊಟ್ಟ ಹಾಗಾಗುತ್ತಿತ್ತು.

ಒಂದು ಗಂಟೆಗೆ ಪಾಳಿ ಮುಗಿಸಿ ಬಂದು ಕಾರ್ಡು ನನ್ನ ಕೈಗಿಟ್ಟಳು. “ಐದು ಸಲ ಬಂತು. ಸಿಕ್ಕಿತೋ ಇಲ್ವೋ ನಿನ್ನ ಯಂತ್ರಾನೇ ಕೇಳು.”

ಮನೆಗೆ ಬಂದು ನೋಡಿದೆವು. ಹತ್ತೊಂಬತ್ತು ಫೋಟೋ. ಮೊದಲಿನವುಗಳಲ್ಲಿ ಬರೀ ಅಂಗೈ, ಬರೀ ನೀರು. ಒಂದರಲ್ಲಿ ಈಗತಾನೇ ಏನೋ ಮುಳುಗಿದ ಸುತ್ತು. ಹದಿನಾರು, ಇಲ್ಲ. ಹದಿನೇಳನೆಯದು ತೆರೆದುಕೊಂಡಾಗ ಯಜಮಾನರು ಹಿಂದಿನಿಂದ ನನ್ನ ಭುಜ ಹಿಡಿದರು. ಪೈಪಿನ ಅಂಚಿನ ಮೇಲೆ ಮುಂಗಾಲೂರಿ, ಬಾಯಲ್ಲಿ ಮೀನು ಕಚ್ಚಿಕೊಂಡು, ಮೀಸೆಯಿಂದ ನೀರು ಸುರಿಸುತ್ತಾ ನೀರುನಾಯಿ. ಅದರ ಹಿಂದೆ ಕತ್ತಲಿನಲ್ಲಿ ಒಂದು ಪುಟ್ಟ ಮೂಗು. ಬಲಗಡೆಯ ಅಂಚಿನಲ್ಲಿ, ಮಸುಕಾಗಿ, ಅಕ್ಕನ ನಾಲ್ಕು ಬೆರಳು.

ಅಕ್ಕ ಖುಷಿಯಲ್ಲಿ ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ನೋಡಿ, “ಹೂಂ, ಅದೇ” ಎಂದಳು ಅಷ್ಟೇ. ಅವಳಿಗೆ ಅದು ಹೊಸದಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನೂ ರಜೆ ಹಾಕಿ ಜೊತೆಗೆ ಹೋದೆ. ಬೆಸುಗೆಯವನು ಜಾಲರಿ ಗೋಡೆಗೆ ಒರಗಿಸಿ ಕಾಯುತ್ತಿದ್ದ. ಎಂಜಿನಿಯರು ಕಂಪ್ಯೂಟರಿಗೆ ಮುಖ ಹತ್ತಿರ ತಂದು ತುಂಬ ಹೊತ್ತು ನೋಡಿದರು. ಪುಟ್ಟ ಮೂಗಿನ ಮೇಲೆ ಬೆರಳಿಟ್ಟು ಎಣಿಸಿದರು, ಒಂದು. ಆಮೇಲೆ ಕಿಟಕಿಯಿಂದ ತಲೆ ಹಾಕಿ, “ಇವತ್ತು ಬೇಡಪ್ಪಾ, ಮರಿಗಳು ಹೊರಟ ಮೇಲೆ ಹೇಳಿ ಕಳಿಸ್ತೀನಿ” ಎಂದು ಬೆಸುಗೆಯವನಿಗೆ ಕೂಗಿ ಹೇಳಿದರು.

ಮತ್ತೆ ಫೋಟೋ ಕಡೆ ತಿರುಗಿ, “ಈ ಕೈ ಯಾರದು?” ಎಂದರು.

“ನನ್ನದೇ ಸಾರ್” ಎಂದಳು ಅಕ್ಕ.

“ಕೈ ಅಡ್ಡ ಬರದೇ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು.”

ನನಗೆ ತಡೆಯಲಾಗಲಿಲ್ಲ. “ಆ ಕೈ ಇಲ್ಲದೇ ಇದ್ದಿದ್ರೆ ಫೋಟೋನೇ ಇರ್ತಿರಲಿಲ್ಲ ಸಾರ್. ಕ್ಯಾಮೆರಾಗೆ ನೀರುನಾಯಿ ಇವತ್ತಿಗೂ ಕಾಣಲ್ಲ. ಅದಕ್ಕೆ ಕಂಡಿದ್ದು ನಮ್ಮಕ್ಕ ಮಾತ್ರ” ಎಂದೆ. ಅವರು ಅಕ್ಕನನ್ನು ನೋಡಿ, ಕುರ್ಚಿ ಎಳೆದು ಅವಳಿಗೆ ಕೂರಲು ಕೊಟ್ಟರು.

ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತೆವು. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು, ನನ್ನ ವಾಸನೆ ಆಚೆ ದಡಕ್ಕೆ ಹೋಗುವುದಿಲ್ಲವೆಂದು ಅಕ್ಕ ಈ ಸಲ ಬಿಟ್ಟಳು. ಬ್ಯಾಗಿನಲ್ಲಿದ್ದ ಒಂದು ಬಿಳಿ ಚೀಟಿ ತೆಗೆದು, ‘ಒಂದೂಕಾಲು ಸೆಕೆಂಡು ತಡ. ಒದ್ದೆ ಪ್ರಾಣಿ ಕಾಣದು. ಅಕ್ಕ ಪಕ್ಕದಲ್ಲಿದ್ದರೆ ಮಾತ್ರ ನಂಬಬಹುದು’ ಎಂದು ಬರೆದು ಕ್ಯಾಮೆರಾದ ಬೆನ್ನಿಗೆ ಅಂಟಿಸಿದೆ. ಅಕ್ಕ ಓದಿ, ತನ್ನ ಮುಂಗೈ ಚಾಚಿದಳು.

“ನಂಗೂ ಒಂದು ಅಂಟಿಸು.”

“ಪರೀಕ್ಷೆ ಮಾಡದೆ ಯಾರಿಗೂ ಚೀಟಿ ಕೊಡೋ ಹಾಗಿಲ್ಲ.”

“ಹಾಗಾದ್ರೆ ಸುಮ್ನೆ ನಂಬು” ಎಂದಳು.

ಅಷ್ಟರಲ್ಲೇ ಅವಳು ಕಾಲುವೆಯ ಕಡೆ ಗಲ್ಲ ತಿರುಗಿಸಿ, “ಬಂತು ನೋಡು” ಎಂದು ಪಿಸುಗುಟ್ಟಿದಳು. ನನಗೆ ಬರೀ ನೀರು ಕಾಣುತ್ತಿತ್ತು. ಗುಳ್ಳೆಯೂ ಇಲ್ಲ, ಹೆಜ್ಜೆಯೂ ಇಲ್ಲ.

“ಹೌದು ಅಕ್ಕ” ಎಂದೆ.